ಕಡಲಿಗಿಳಿಯುವ ಮುನ್ನ

ಗೆಂಡೆಹಳ್ಳಿಯ ಮಹಾಶಯರೆ,

ಯಗಚಿ ಜಲಾಶಯದಲ್ಲಿ ದೋಣಿ ನಡೆಸಿದ ಧೈರ್ಯದಿಂದಲೇ ಲಕ್ಷದ್ವೀಪದಾಚೆಗೆ ಹಾಯಿಯೇರಿಸಬಯಸುವ ತಾವು, ಹಳೆಯ ಫೈಬರ್ ನೌಕೆಯ ಬಣ್ಣಕ್ಕೆ ಮರುಳಾಗದೆ, ಅದನ್ನು ದಡಕ್ಕೆಳೆಯಿಸಿ, ಜಲರೇಖೆಯ ಕೆಳಗಿನ ಪ್ರತಿಯೊಂದು ಕವಾಟವನ್ನೂ ಸ್ವಹಸ್ತದಿಂದ ತಿರುಗಿಸಿ ನೋಡಿ, ಪಕ್ಕದಲ್ಲೊಂದು ಮರದ ಬೆಣೆಯನ್ನು ಕಟ್ಟಿಡತಕ್ಕದ್ದು. ಹಾಯಿಗಂಬದ ತಂತಿಗಳ ಮೇಲೆ ಬಟ್ಟೆ ಸವರಿರಿ. ತುಂಡಾದ ಎಳೆಯೊಂದು ತೊಡರಿದರೂ ತಂತಿಯನ್ನು ಬದಲಿಸಬೇಕು, ಚೌಕಾಶಿ ಸಲ್ಲದು.

ಮಲ್ಪೆಯೂ ಮಂಗಳೂರಿನ ಹಳೆಬಂದರೂ ಮೀನುಗಾರರ ಜೀವನೋಪಾಯದ ತಾಣಗಳಾದುದರಿಂದ ಅಲ್ಲಿ ವಿಹಾರನೌಕೆಗೆ ಎಡೆ ಬೇಡುವುದು ಅಷ್ಟು ಉಚಿತವಲ್ಲ. ಹಿನ್ನೀರಿನ ಮರೆಯಲ್ಲಿರುವ ಕೊಚ್ಚಿಯ ಬೋಳ್ಗಾಟ್ಟಿ ಮರೀನಾಕ್ಕೇ ನನ್ನ ಮತ. ಆದರೂ ಇಳಿತದ ವೇಳೆಯ ಆಳ ತಮ್ಮ ನೌಕೆಗೆ ಸಾಲುವುದೇ ಎಂದು ವಿಚಾರಿಸದೆ ಮುಂಗಡ ಕೊಡಬೇಡಿ. ಇನ್ನು ಹೊರಡುವ ಕಾಲದ ಮಾತು: ಗೋವೆಯಲ್ಲಿ ನಿರ್ಮಿತವಾದ ‘ಮ್ಹಾದೇಯಿ’ ಹಾಯಿನೌಕೆ 2009ರ ಆಗಸ್ಟಿನಲ್ಲಿ, ಮಳೆಗಾಲದಲ್ಲೇ ಮುಂಬಯಿಯಿಂದ ಹೊರಟಿತೆಂಬುದು ನಿಜ. ಆದರೆ ಅದನ್ನು ನಡೆಸಿದವರು ನೌಕಾಪಡೆಯ ಅಧಿಕಾರಿ. ತಾವು ಡಿಸೆಂಬರಿನವರೆಗೆ ದಯವಿಟ್ಟು ಕಾಯಿರಿ.