ಕರಿಗಲ್ಲಿನ ಹರಳುಗಳು

ಖನಿಜಗಳ ಸಂಗ್ರಹವೆಂದೊಡನೆ ಬಹು ಜನರ ಕಣ್ಣ ಮುಂದೆ ಬರುವುದು ವಜ್ರ, ಮಾಣಿಕ್ಯ, ಇಲ್ಲವೆ ಕೋಲಾರದ ಚಿನ್ನ. ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಅವುಗಳ ಗೊಡವೆ ಇಲ್ಲ. ಕೊಳ್ಳುವ ಶಕ್ತಿಯಂತೂ ಇಲ್ಲವೇ ಇಲ್ಲ. ನಾನಿಲ್ಲಿ ಹೇಳಹೊರಟಿರುವುದು ನಮ್ಮ ಕಾಲ ಕೆಳಗಿನ ಕರಿಗಲ್ಲಿನಲ್ಲಿ ಹುಟ್ಟುವ ಹರಳುಗಳ ವಿಷಯ. ಇದೇ ಕಲ್ಲಿನ ಹರಳುಗಳನ್ನು ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳು ಗಾಜಿನ ಕಪಾಟಿನಲ್ಲಿ ಇಟ್ಟು ಕಾಪಾಡುತ್ತವೆ. ನಾವು ಜಲ್ಲಿ ಮಾಡಿ ರಸ್ತೆಗೆ ಸುರಿಯುತ್ತೇವೆ.

"ಕಲ್ಲಿನ ವಿಷಯ ನಿನಗೇಕಯ್ಯಾ?" ಎಂದು ಕೇಳುವ ಮಿತ್ರರು ಉಂಟು. ಇತಿಹಾಸದ ತರಗತಿಯಲ್ಲಿ ನಮ್ಮ ಗುರುಗಳು ಹೇಳುವ ಮಾತೊಂದನ್ನೇ ಅವರಿಗೆ ಉತ್ತರವಾಗಿ ಕೊಡುತ್ತೇನೆ: ನಿಂತ ಊರಿನಿಂದ ಕಿತ್ತು ತಂದು, ಯಾವ ಊರಿನದೆಂದು ಬರೆದಿಡದ ಶಾಸನ ಅರ್ಧ ಸತ್ತಂತೆ. ಹರಳಿಗೂ ಇದೇ ಮಾತು ಸಲ್ಲುತ್ತದೆ.

ಮೊದಲು ಈ ಕರಿಗಲ್ಲಿನ ಹುಟ್ಟನ್ನು ಸ್ವಲ್ಪ ತಿಳಿಯಬೇಕು. ಮುಂಬಯಿ, ನಾಸಿಕ, ಪುಣೆ, ಸೊಲ್ಲಾಪುರಗಳ ಮೇಲಿಂದ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳವರೆಗೆ ಹಬ್ಬಿರುವ ಈ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಗೋಳಗುಮ್ಮಟವನ್ನು ಕಟ್ಟಿರುವುದೂ ಈ ಕಲ್ಲಿನಿಂದಲೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಲಾವಾರಸ ಹೊರಗೆ ಹರಿಯಿತು. ಒಂದು ಹರಿವು ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಉಳಿದಿರುವ ಭಾಗವೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟಿದೆ. ದೂರದಿಂದ ನೋಡಿದರೆ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಶಬ್ದದಿಂದ ಇದಕ್ಕೆ 'ಡೆಕ್ಕನ್ ಟ್ರ್ಯಾಪ್' ಎಂಬ ಹೆಸರು ಬಂತು.

ಕುದಿಯುವ ರಸದಲ್ಲಿ ಅನಿಲದ ಗುಳ್ಳೆಗಳು ಇರುತ್ತವೆ. ರಸ ಗಟ್ಟಿಯಾದಾಗ ಗುಳ್ಳೆಯ ಜಾಗ ಪೊಟರೆಯಾಗಿ ಉಳಿಯುತ್ತದೆ. ಕೆಲವು ಸಾಸಿವೆಯಷ್ಟು, ಕೆಲವು ಮನುಷ್ಯ ಕುಳಿತುಕೊಳ್ಳುವಷ್ಟು. ಆ ಮೇಲೆ ಬಹು ಕಾಲ ಬಿಸಿನೀರು ಕಲ್ಲಿನ ಸಂದುಗಳಲ್ಲಿ ಹರಿದಾಡುತ್ತ, ಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಅಲ್ಯುಮಿನಿಯಂ, ಸಿಲಿಕಾಗಳನ್ನು ಕರಗಿಸಿಕೊಂಡು ಬಂದು ಆ ಪೊಟರೆಗಳ ಗೋಡೆಗೆ ಹರಳಾಗಿ ಹಚ್ಚುತ್ತದೆ. ಹೊರಗೆ ಕರಿ ಗುಂಡು, ಒಡೆದರೆ ಒಳಗೆ ಬೆಳಕು!

ಈ ಹರಳುಗಳಲ್ಲಿ ಮುಖ್ಯವಾದ ಮನೆತನ ಜಿಯೊಲೈಟುಗಳದು. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಎಂಬ ವಿದ್ವಾಂಸನು ಇಂಥದೊಂದು ಹರಳನ್ನು ಉರಿಗೆ ಹಿಡಿದಾಗ ಅದು ನೊರೆಯೆದ್ದು ಕುದಿಯಿತಂತೆ. ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂಬರ್ಥ ಬರುವಂತೆ ಅವನು ಹೆಸರಿಟ್ಟನು. ಕುದಿಯುವುದು ಹರಳಿನೊಳಗಿನ ನೀರು. ಜಿಯೊಲೈಟಿನ ಅಣುರಚನೆಯಲ್ಲಿ ಸಣ್ಣ ಸಣ್ಣ ಓಣಿಗಳಿದ್ದು, ಅವುಗಳಲ್ಲಿ ನೀರು ಮನೆ ಮಾಡಿರುತ್ತದೆ. ಲೋಮೊಂಟೈಟ್ ಎಂಬ ಜಾತಿಯಂತೂ ಗೂಡಿನಿಂದ ಹೊರಗೆ ಬಂದು ಒಣಗಾಳಿ ತಾಕಿದೊಡನೆ ನೀರನ್ನು ಬಿಟ್ಟುಕೊಡತೊಡಗಿ, ಕ್ರಮೇಣ ಸೀಮೆಸುಣ್ಣದ ಪುಡಿಯಂತೆ ಉದುರಿಹೋಗುತ್ತದೆ. ಸಿಕ್ಕಿತೆಂದು ಹಿಗ್ಗುವವರನ್ನು ಇಷ್ಟು ಬೇಗ ನಿರಾಶೆಗೊಳಿಸುವ ಕಲ್ಲು ಇನ್ನೊಂದಿಲ್ಲ.

ಸ್ಟಿಲ್ಬೈಟ್ ನಡುವಿಗೆ ಕಟ್ಟಿದ ಜೋಳದ ಸಿವುಡಿನಂತೆ ಎರಡೂ ತುದಿಗೆ ಅರಳಿರುತ್ತದೆ. ಬಣ್ಣ ಬಿಳಿ, ಇಲ್ಲವೆ ಪೀಚ್ ಹಣ್ಣಿನದು. ಸ್ಕೋಲಸೈಟ್ ಸೂಜಿಗಳ ಕಟ್ಟು. ಓಕನೈಟ್ ಜಿಯೊಲೈಟ್ ಅಲ್ಲವಾದರೂ ಅವುಗಳ ನೆರೆಯಲ್ಲೇ ಇರುವಂಥದು. ಬಿಡಿಸಿದ ಹತ್ತಿಯ ಉಂಡೆ ಎಂದೇ ಭ್ರಮೆ ಹುಟ್ಟಿಸುತ್ತದೆ, ಬೆರಳು ತಾಕಿಸಿದರೆ ಎಳೆಗಳು ಮುರಿದು ಮತ್ತೆ ಮೇಲೇಳುವುದಿಲ್ಲ. ಅಪೋಫಿಲೈಟ್ ನೀರಿನಂತೆ ತಿಳಿಯಾಗಿಯೂ ಇರುತ್ತದೆ, ಎಳೆಹಸಿರಾಗಿಯೂ ಇರುತ್ತದೆ. 1863ರಲ್ಲಿ ಮುಗಿದ ಭೋರ ಘಾಟಿನ ರೈಲುದಾರಿಗಾಗಿ ಸುರಂಗಗಳನ್ನು ಕೊರೆಯುವಾಗ ಇಂಥ ಹರಳುಗಳು ಬಹಳ ಸಿಕ್ಕವು. ಒಳ್ಳೆಯವು ಕೆಲವು ಲಂಡನ್ನಿಗೆ ಹೋದವು.

ಅಪರೂಪವೆಂಬ ಮಾತಿಗೆ ನಿಜವಾಗಿ ತಕ್ಕದ್ದು ಕ್ಯಾವನ್‌ಸೈಟ್. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್ ಎಂಬ ಮೂರು ಹೆಸರುಗಳ ತುಣುಕುಗಳನ್ನು ಜೋಡಿಸಿ ಅದರ ಹೆಸರನ್ನು ಕಟ್ಟಿದ್ದಾರೆ. ಅಮೆರಿಕದ ಒರೆಗಾನ್ ಸಂಸ್ಥಾನದಲ್ಲಿ ಮೊದಲು ಕಂಡು, 1973ರಲ್ಲಿ ಅದರ ವರ್ಣನೆ ಪ್ರಕಟವಾಯಿತು. ಸುಮಾರು 1988ರಲ್ಲಿ ಪುಣೆಯ ಬಳಿಯ ವಾಘೋಲಿಯ ಕಲ್ಲುಗಣಿಗಳಲ್ಲಿ ಅದೇ ಖನಿಜ ಕಡುನೀಲಿ ಹೂವಿನಂಥ ಗೊಂಚಲುಗಳಾಗಿ ಹೊರಬಿತ್ತು. ಅದರ ಜೊತೆಗೆ ಪೆಂಟಗೊನೈಟ್ ಎಂಬ ಇನ್ನೊಂದು ನೀಲಿ ಹರಳೂ ಅಲ್ಲಿದೆ. ಎರಡರ ರಾಸಾಯನಿಕ ಘಟಕಗಳೂ ಪ್ರಮಾಣವೂ ಒಂದೇ. ಅಣುಗಳನ್ನು ಜೋಡಿಸಿದ ಬಗೆ ಮಾತ್ರ ಬೇರೆ. ಮನೆಗಟ್ಟಲೆಂದು ಜಲ್ಲಿ ಒಡೆಯುವ ಗಣಿಯಿಂದ ಇದು ಬಂದಿತೆಂಬುದನ್ನು ನಾವು ಮರೆಯಬಾರದು. ಸಿಡಿಮದ್ದು ಹಾರಿಸಿದಾಗ ಪೊಟರೆ ತೆರೆಯುತ್ತದೆ. ಕಲ್ಲು ಯಂತ್ರದ ಬಾಯಿಗೆ ಬೀಳುವವರೆಗಿನ ಕೆಲವು ಗಂಟೆಗಳೇ ಆ ಹರಳಿನ ಆಯುಷ್ಯ. ಗಣಿ ಇಲ್ಲದಿದ್ದರೆ ಅದು ಕಾಣುತ್ತಲೇ ಇರಲಿಲ್ಲ, ಯಾರೂ ಬಗ್ಗಿ ನೋಡದಿದ್ದರೆ ಉಳಿಯುತ್ತಲೂ ಇರಲಿಲ್ಲ.

ನಮ್ಮ ಭಾಗದ ಒಂದು ಗಣಿಗೆ ಮಾಲಿಕರ ಅಪ್ಪಣೆ ಪಡೆದು ನಾನು ರವಿವಾರಗಳಂದು ಹೋಗುವುದುಂಟು. ಸಿಡಿಮದ್ದಿನ ಕೆಲಸ ಇರುವ ದಿನ ಆ ಕಡೆ ಸುಳಿಯುವುದಿಲ್ಲ. ಅಲ್ಲಿಯ ಹಿರಿಯ ಕಲ್ಲುಕುಟಿಗರೊಬ್ಬರಿಗೆ ಈ ಪೊಟರೆಗಳ ಪರಿಚಯ ಪುಸ್ತಕ ಓದಿದ ನನಗಿಂತ ಹೆಚ್ಚು. "ಕಾಕಾ, ಇದಕ್ಕ ನೀವು ಏನಂತೀರಿ?" ಎಂದು ಕೇಳಿದೆ. "ಸಕ್ಕರಿ ಕಲ್ಲ ಅಂತೀವಿ ತಮ್ಮಾ. ಇದು ಬಂತಂದ್ರ ಕಲ್ಲು ಪೊಳ್ಳ, ಸುತ್ತಿಗಿ ಏಟಿಗೆ ನೆಟ್ಟಗ ಸೀಳೂದಿಲ್ಲ" ಎಂದರು. ಅವರಿಗೆ ಅದು ಕಲ್ಲಿನ ದೋಷ. ಸುತ್ತಿಗೆಯ ಸದ್ದು ಕೇಳಿಯೇ ಒಳಗೆ ಪೊಟರೆ ಉಂಟೋ ಇಲ್ಲವೋ ಎಂದು ಅವರು ಹೇಳಬಲ್ಲರು. ಈ ವಿದ್ಯೆ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ.

ಕೈಗೆ ಸಿಕ್ಕ ಹರಳು ಯಾವುದೆಂದು ಅರಿಯಲು ದೊಡ್ಡ ಪ್ರಯೋಗಶಾಲೆ ಬೇಡ. 1812ರಲ್ಲಿ ಮೋಸ್ ಎಂಬ ಜರ್ಮನ್ ವಿದ್ವಾಂಸನು ಖನಿಜಗಳ ಕಾಠಿಣ್ಯಕ್ಕೆ ಹತ್ತು ಮೆಟ್ಟಿಲುಗಳ ಅಳತೆಯನ್ನು ಹಾಕಿಕೊಟ್ಟನು. ಅದಕ್ಕೆ ಮೊದಲು ಅವನು ವಿಯೆನ್ನಾದ ಒಬ್ಬ ಸಾಹುಕಾರನ ಖನಿಜಸಂಗ್ರಹವನ್ನು ವಿಂಗಡಿಸುವ ಕೆಲಸಕ್ಕಿದ್ದವನು ಎಂಬುದು ನನಗೆ ಮೆಚ್ಚಿಗೆಯ ಸಂಗತಿ. ನಮ್ಮ ಉಗುರಿನ ಕಾಠಿಣ್ಯ ಸುಮಾರು ಎರಡೂವರೆ. ಕಿಟಕಿಯ ಗಾಜಿನದು ಐದೂವರೆ. ಕ್ವಾರ್ಟ್ಜ್ ಏಳು, ಆದುದರಿಂದ ಗಾಜನ್ನು ಗೀರುತ್ತದೆ. ಕ್ಯಾಲ್ಸೈಟ್ ಮೂರು, ಚಾಕುವಿಗೆ ಸುಲಭವಾಗಿ ಸೋಲುತ್ತದೆ; ಅದರ ಪುಡಿಯ ಮೇಲೆ ನಿಂಬೆಯ ರಸ ಹಿಂಡಿದರೆ ಸಣ್ಣಗೆ ಗುಳ್ಳೆ ಬರುತ್ತದೆ. ಅಪೋಫಿಲೈಟಿಗೆ ಗುಳ್ಳೆಯೂ ಇಲ್ಲ, ಗಾಜನ್ನು ಗೀರುವ ಬಲವೂ ಇಲ್ಲ. ಒಂದೇ ದಿಕ್ಕಿನಲ್ಲಿ ಹಾಳೆ ಬಿಟ್ಟಂತೆ ಸೀಳಿ, ಸೀಳಿದ ಮುಖ ಮುತ್ತಿನಂತೆ ಹೊಳೆಯುತ್ತದೆ. ಇಂಥ ಪರೀಕ್ಷೆಗಳನ್ನು ಮುರಿದ ಚೂರಿನ ಮೇಲೆ ಮಾಡಬೇಕೇ ಹೊರತು ಒಳ್ಳೆಯ ಹರಳಿನ ಮೇಲೆ ಅಲ್ಲ.

ಹೊಸಬರು ಹರಳನ್ನು ಮಾತ್ರ ಕೆತ್ತಿ ತೆಗೆದು, ಅಂಟಿಕೊಂಡಿದ್ದ ಕರಿಗಲ್ಲನ್ನು ಬಿಸುಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಪುಸ್ತಕದಿಂದ ಚಿತ್ರದ ಹಾಳೆಯೊಂದನ್ನು ಹರಿದುಕೊಂಡಂತೆ. ಪೊಟರೆಯ ಗೋಡೆಯಲ್ಲಿ ಯಾವುದರ ಮೇಲೆ ಯಾವುದು ಕುಳಿತಿದೆ ಎಂಬುದೇ ಅಲ್ಲಿಯ ಚರಿತ್ರೆ. ಕಲ್ಲಿಗೆ ತಾಕಿದ ಪದರು ಮೊದಲಿನದು, ಅದರ ಮೇಲೆ ಬೆಳೆದದ್ದು ಅನಂತರದ್ದು. ಹ್ಯೂಲಂಡೈಟಿನ ಮೇಲೆ ಸ್ಟಿಲ್ಬೈಟ್, ಅದರ ಮೇಲೆ ಒಂದೆರಡು ಕ್ಯಾಲ್ಸೈಟ್ ಕುಳಿತಿದ್ದರೆ, ನೀರಿನ ಗುಣ ಕಾಲದಿಂದ ಕಾಲಕ್ಕೆ ಬದಲಾಯಿತೆಂದು ಓದಿಕೊಳ್ಳಬಹುದು. ವಾಘೋಲಿಯ ನೀಲಿ ಗೊಂಚಲು ಬಿಳಿಯ ಸ್ಟಿಲ್ಬೈಟಿನ ಮೇಲೆ ಕುಳಿತಿದ್ದರೆ, ನೀಲಿಯದು ಆಮೇಲೆ ಬಂದದ್ದು ಎಂಬುದನ್ನು ಕಣ್ಣೇ ಹೇಳುತ್ತದೆ. ತಾಯಿಕಲ್ಲಿನಿಂದ ಕಿತ್ತ ಹರಳು ಈ ಸಾಕ್ಷಿಯನ್ನು ನುಡಿಯಲಾರದು.

ಮಾರುಕಟ್ಟೆಯ ವಿಷಯವಾಗಿ ಒಂದೆರಡು ಮಾತು. ಗುಲಾಬಿ, ನೇರಳೆ ಬಣ್ಣದ ಓಕನೈಟ್ ಕಂಡರೆ ಅದು ಬಣ್ಣದ ನೀರು ಕುಡಿದದ್ದೆಂದು ತಿಳಿಯಿರಿ. ಓಕನೈಟಿನ ಸಹಜ ವರ್ಣ ಬಿಳಿ. ಕ್ಯಾವನ್‌ಸೈಟಿನ ಗೊಂಚಲನ್ನು ಬೇರೆ ಕಲ್ಲಿಗೆ ಅಂಟಿಸಿ ಮಾರುವುದೂ ಉಂಟು. ಬುಡದಲ್ಲಿ ಅಂಟಿನ ಹೊಳಪು ಇದೆಯೇ ಎಂದು ಭೂತಗನ್ನಡಿಯಿಂದ ನೋಡಬೇಕು. ಇವೆಲ್ಲಕ್ಕಿಂತ ಕೆಟ್ಟದ್ದು ಊರಿನ ಹೆಸರಿನಲ್ಲಿ ಆಡುವ ಸುಳ್ಳು. ಹೆಸರಾದ ಊರಿನ ಹರಳಿಗೆ ಬೆಲೆ ಹೆಚ್ಚು. ಆದುದರಿಂದ ಎಲ್ಲಿಯದೋ ಹರಳಿಗೆ ಇನ್ನೆಲ್ಲಿಯದೋ ಚೀಟಿ ಹಚ್ಚುತ್ತಾರೆ. ಬಣ್ಣ ಹಾಕಿದ ಮೋಸ ಒಂದು ಕಲ್ಲನ್ನು ಕೆಡಿಸುತ್ತದೆ. ಸುಳ್ಳು ಚೀಟಿಯಾದರೋ, ಅದನ್ನು ನಂಬಿ ಮುಂದೆ ಅಭ್ಯಾಸ ಮಾಡುವವರೆಲ್ಲರನ್ನೂ ದಾರಿ ತಪ್ಪಿಸುತ್ತದೆ.

ನಮ್ಮ ಭೂಗೋಳ ವಿಭಾಗದ ಕಪಾಟಿನಲ್ಲಿ ಹಿಂದಿನವರು ಕೂಡಿಸಿಟ್ಟ ಇಪ್ಪತ್ತಮೂರು ಕಲ್ಲುಗಳಿವೆ. ಒಂದೊಂದರ ಮೇಲೂ ಬಿಳಿ ಬಣ್ಣದ ಚುಕ್ಕೆ, ಚುಕ್ಕೆಯ ಮೇಲೆ ಮಸಿಯಲ್ಲಿ ಬರೆದ ಅಂಕಿ. ಆ ಅಂಕಿಗಳಿಗೆ ಅರ್ಥ ಹೇಳುತ್ತಿದ್ದ ವಹಿ ಮಾತ್ರ ಇಲ್ಲ. ಹದಿನಾಲ್ಕನೆಯದು ಅಂಗೈಯಗಲದ ಹಸಿರು ಅಪೋಫಿಲೈಟ್. ಅಂಥದು ನಮ್ಮ ಜಿಲ್ಲೆಯ ಬಾವಿಯೊಂದನ್ನು ತೋಡುವಾಗ ಬಂದದ್ದಾದರೆ ಅದೊಂದು ಸುದ್ದಿ, ಪುಣೆಯ ಅಂಗಡಿಯಿಂದ ತಂದದ್ದಾದರೆ ಬರೀ ಅಲಂಕಾರ. ಇವೆರಡರಲ್ಲಿ ಯಾವುದೆಂದು ಆ ಕಲ್ಲು ತಾನಾಗಿ ಹೇಳದು.

ವಿಭಾಗದ ಗುರುಗಳ ಒಪ್ಪಿಗೆಯಿಂದ ನಾನು ಈ ವರ್ಷ ಹೊಸ ವಹಿಯೊಂದನ್ನು ತೆರೆದಿದ್ದೇನೆ. ಹಳೆಯ ಇಪ್ಪತ್ತಮೂರಕ್ಕೆ ಕಂಡದ್ದನ್ನಷ್ಟೇ ಬರೆದು ಊರಿನ ಕಾಲಮನ್ನು ಖಾಲಿ ಬಿಟ್ಟಿದ್ದೇನೆ. ಹೊಸದಾಗಿ ತಂದವುಗಳಿಗೆ ಊರು, ಗಣಿ ಅಥವಾ ಬಾವಿ, ನೆಲದಿಂದ ಎಷ್ಟು ಅಡಿ ಆಳ, ತಾರೀಖು, ತಂದವರ ಹೆಸರು ಇಷ್ಟನ್ನೂ ನೋಡಿದ ದಿನವೇ ಬರೆಯಲಾಗುತ್ತದೆ. ಬೇಸಿಗೆಯ ರಜೆಯಲ್ಲಿ ಎಷ್ಟೋ ಊರುಗಳಲ್ಲಿ ಬಾವಿ ತೋಡುತ್ತಾರೆ, ಹೊಲದ ಒಡ್ಡಿಗೆ ಕಲ್ಲು ಒಡೆಯುತ್ತಾರೆ. ಊರಿಗೆ ಹೋಗುವ ಮಿತ್ರರು ಆ ರಾಶಿಯನ್ನು ಒಮ್ಮೆ ಬಗ್ಗಿ ನೋಡಬೇಕೆಂದು ನನ್ನ ಬೇಡಿಕೆ. ಕೋಟೆ, ಗುಡಿ, ಗುಮ್ಮಟಗಳ ಕಲ್ಲಿಗೆ ಮಾತ್ರ ಯಾರೂ ಸುತ್ತಿಗೆ ತಾಕಿಸಬಾರದು. ಹರಳು ಸಿಕ್ಕರೆ ತಾಯಿಕಲ್ಲಿನೊಡನೆ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಚೀಟಿಯನ್ನು ಒಳಗಿಟ್ಟು ತನ್ನಿರಿ. ಹತ್ತಿಯಲ್ಲಿ ಸುತ್ತಬೇಡಿರಿ, ಅದರ ಎಳೆಗಳು ಸೂಜಿಹರಳುಗಳಿಗೆ ಸಿಕ್ಕಿಕೊಂಡರೆ ಬಿಡಿಸಲು ಬಾರದು.