ಯಂತ್ರವು ಆಡಬೇಕಾದ ಮಾತು

ಗಣಕಯಂತ್ರಕ್ಕೆ ಕೆಲಸವನ್ನು ವಿಧಿಸುವ ಸೂಚನೆಗಳಿಗೆ ತಂತ್ರಾಂಶವೆಂದು ಹೆಸರು. ಅದು ಲೆಕ್ಕವನ್ನು ಸರಿಯಾಗಿ ಮಾಡಿದರೆ ಸಾಕೇ? ಬಳಸುವವರಿಗೆ ತಿಳಿಯುವಂತೆ ಮಾತನಾಡುವುದೂ ಅದರ ಕರ್ತವ್ಯವಲ್ಲವೇ? ಥೆರಾಕ್-೨೫ ಎಂಬ ಯಂತ್ರದ ಇತಿಹಾಸವು ಇದಕ್ಕೆ ಕಠೋರವಾದ ಉತ್ತರವನ್ನು ಕೊಡುತ್ತದೆ.

ಕೆನಡಾ ದೇಶದಲ್ಲಿ ತಯಾರಾದ ಈ ಯಂತ್ರವು ಕ್ಯಾನ್ಸರ್ ರೋಗಿಗಳಿಗೆ ಎರಡು ಬಗೆಯ ಚಿಕಿತ್ಸೆಯನ್ನು ನೀಡುತ್ತಿತ್ತು. ಚರ್ಮಕ್ಕೆ ಸಮೀಪವಾದ ಗಡ್ಡೆಗಳಿಗೆ ದುರ್ಬಲವಾದ ಎಲೆಕ್ಟ್ರಾನ್ ಪ್ರವಾಹವೇ ಸಾಕು. ಆಳದ ಗಡ್ಡೆಗಳಿಗೆ ಕ್ಷ-ಕಿರಣಗಳು ಬೇಕು. ಅವುಗಳನ್ನು ಪಡೆಯಲು ಬಹು ತೀವ್ರವಾದ ಪ್ರವಾಹವು ಲೋಹದ ಫಲಕಕ್ಕೆ ಬಡಿಯಬೇಕು. ಫಲಕವು ಅಡ್ಡವಿಲ್ಲದೆ ಈ ತೀವ್ರ ಪ್ರವಾಹವು ಹೊರಟರೆ ರೋಗಿಯ ಗತಿಯೇನು? ಹಿಂದಿನ ಮಾದರಿಯಲ್ಲಿ ಇದನ್ನು ತಪ್ಪಿಸಲು ಪ್ರತ್ಯೇಕ ಯಾಂತ್ರಿಕ ತಡೆಗಳಿದ್ದುವು. ಹೊಸದರಲ್ಲಿ ಆ ಹೊಣೆಯು ಬಹುಮಟ್ಟಿಗೆ ತಂತ್ರಾಂಶದ್ದಾಯಿತು.

೧೯೮೬ರ ಮಾರ್ಚ್ ತಿಂಗಳಿನಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಟೈಲರ್ ನಗರದಲ್ಲಿ, ಯಂತ್ರದ ನಿರ್ವಾಹಕರು ಎಲೆಕ್ಟ್ರಾನ್ ಚಿಕಿತ್ಸೆಯ ಬದಲು ಕ್ಷ-ಕಿರಣದ ಅಕ್ಷರವನ್ನು ಒತ್ತಿ, ಕೂಡಲೇ ತಿದ್ದಿದರು. ಯಂತ್ರದೊಳಗಿನ ಅಯಸ್ಕಾಂತಗಳು ಅಣಿಯಾಗಲು ಸುಮಾರು ೮ ಸೆಕೆಂಡುಗಳು ಬೇಕು. ಅಷ್ಟರೊಳಗೆ ನಡೆದ ತಿದ್ದುಪಡಿಯನ್ನು ತಂತ್ರಾಂಶವು ಪೂರ್ಣವಾಗಿ ಗ್ರಹಿಸಲಿಲ್ಲ. ಫಲಕವು ಅಡ್ಡವಿರಲಿಲ್ಲ, ಪ್ರವಾಹವು ಮಾತ್ರ ತಗ್ಗಲಿಲ್ಲ. ತೆರೆಯ ಮೇಲೆ ಮೂಡಿದುದು ‘ದೋಷ ೫೪’ ಎಂಬರ್ಥದ ಮಾತು ಮಾತ್ರ! ಅದು ಪ್ರಾಣಾಪಾಯವೋ ಅಲ್ಪ ತೊಡಕೋ ತಿಳಿಯುವಂತಿರಲಿಲ್ಲ. ಸಣ್ಣಪುಟ್ಟ ದೋಷಗಳ ಸೂಚನೆಗಳು ಆಗಾಗ ಬರುತ್ತಿದ್ದುದರಿಂದ ನಿರ್ವಾಹಕರು ರೂಢಿಯಂತೆ ‘ಮುಂದುವರಿ’ ಎಂಬ ಆಜ್ಞೆಯ ಕೀಲಿಯನ್ನು ಒತ್ತಿದರು. ರೋಗಿಗೆ ಎರಡನೆಯ ಆಘಾತವಾಯಿತು. ಐದು ತಿಂಗಳ ತರುವಾಯ ಆತನು ತೀರಿಕೊಂಡನು.

ಏಪ್ರಿಲಿನಲ್ಲಿ ಇನ್ನೊಬ್ಬ ರೋಗಿಯೂ ಅಲ್ಲಿಯೇ ಇದಕ್ಕೆ ಬಲಿಯಾದನು. ಆಗ ಆಸ್ಪತ್ರೆಯ ಭೌತವಿಜ್ಞಾನಿಯೂ ನಿರ್ವಾಹಕರೂ ಕೂಡಿ ಅದೇ ಕ್ರಮವನ್ನು ಮತ್ತೆ ಮತ್ತೆ ಪ್ರಯೋಗಿಸಿ, ಬೇಗಬೇಗನೆ ತಿದ್ದಿದಾಗ ದೋಷವು ತಲೆದೋರುವುದೆಂದು ಕಂಡುಹಿಡಿದರು. ೧೯೮೫ರಿಂದ ೧೯೮೭ರವರೆಗೆ ಈ ಮಾದರಿಯ ಯಂತ್ರಗಳಿಂದ ಇಂತಹ ಆರು ಅಪಘಾತಗಳಾದುವು.

ಇದರಿಂದ ನಾವು ಕಲಿಯಬೇಕಾದುದೇನು? ತೊಡಕು ಬಂದಾಗ ಯಂತ್ರವು ಸಂಖ್ಯೆಯನ್ನಷ್ಟೇ ಹೇಳದೆ, ಏನಾಯಿತು, ಏನು ಮಾಡಬೇಕು ಎಂಬುದನ್ನು ಸರಳವಾಗಿ ತಿಳಿಸಬೇಕು. ಅಲ್ಪ ಎಚ್ಚರಿಕೆಯೂ ಘೋರ ಅಪಾಯವೂ ಒಂದೇ ರೂಪದಲ್ಲಿ ಕಾಣಿಸಕೂಡದು. ಅಪಾಯದ ಹಾದಿಯು ಒಂದೇ ಕೀಲಿಯಿಂದ ತೆರೆಯಕೂಡದು. ಅವಸರದಲ್ಲಿ ಕೈತಪ್ಪುವುದು ಮನುಷ್ಯಸಹಜ. ಅದನ್ನು ಮೊದಲೇ ಎಣಿಸಿ ತಡೆಯನ್ನೊಡ್ಡುವುದು ತಂತ್ರಾಂಶವನ್ನು ರಚಿಸುವವರ ಹೊಣೆ. ನಾಳೆ ತಂತ್ರಾಂಶವನ್ನು ಬರೆಯಲಿರುವ ವಿದ್ಯಾರ್ಥಿಗಳು, ತೆರೆಯ ಮುಂದೆ ಕುಳಿತ ದಣಿದ ಮನುಷ್ಯನನ್ನು ಎಂದೂ ಮರೆಯದಿರಲಿ.