ಭೀಷ್ಮ ಕೆರೆಯ ಮುಚ್ಚಂಜೆ

ಪ್ರಶ್ನೆ: ಗದಗಿನ ಭೀಷ್ಮ ಕೆರೆಯಲ್ಲಿ ರಾತ್ರಿ ಫೋಟೊ ತೆಗೆದರೆ ಆಕಾಶ ಮಸಿ ಬಳಿದಂತೆ ಕಪ್ಪಾಗಿ ಬರುತ್ತದೆ. ಬಸವೇಶ್ವರ ಪ್ರತಿಮೆಯ ಮುಖ ಬೆಳ್ಳಗೆ ಸುಟ್ಟುಹೋಗಿರುತ್ತದೆ. ನೀರಿನಲ್ಲಿ ಏನೂ ಕಾಣುವುದಿಲ್ಲ. ದೊಡ್ಡ ನಗರಗಳ ಚಿತ್ರಗಳಲ್ಲಿ ಕಾಣುವ ನೀಲಿ ಆಕಾಶ, ನೀರಿನ ಮೇಲೆ ಉದ್ದಕ್ಕೆ ಇಳಿದ ದೀಪಗಳು ನಮ್ಮೂರಲ್ಲಿ ಏಕೆ ಬರುವುದಿಲ್ಲ? ಬೇರೆ ಕ್ಯಾಮೆರಾ ಕೊಳ್ಳಬೇಕೆ?
(ಬೆಟಗೇರಿಯ ಓದುಗರೊಬ್ಬರಿಂದ)

ಉತ್ತರ: ದುಡ್ಡು ಖರ್ಚು ಮಾಡಬೇಡಿ. ಇರುವ ಕ್ಯಾಮೆರಾ ಸಾಕು, ನೀವು ಹೋಗುವ ಹೊತ್ತನ್ನು ಬದಲಿಸಿ. ನೀವು ಮೆಚ್ಚಿದ ಆ ಚಿತ್ರಗಳಲ್ಲಿ ಬಹುಪಾಲು ರಾತ್ರಿಯವಲ್ಲ. ಸೂರ್ಯ ಮುಳುಗಿದ ಮೇಲೆ, ಕತ್ತಲು ಕವಿಯುವ ಮೊದಲು, ಮುಚ್ಚಂಜೆಯಲ್ಲಿ ತೆಗೆದವು.

ಕ್ಯಾಮೆರಾಕ್ಕೆ ನಮ್ಮ ಕಣ್ಣಿನಷ್ಟು ಹೊಂದಾಣಿಕೆ ಇಲ್ಲ. ಸೂರ್ಯ ಮುಳುಗುವಾಗ ಆಕಾಶದ ಬೆಳಕು ದೀಪಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ರಾತ್ರಿ ಎಂಟಕ್ಕೆ ದೀಪಗಳು ಹೆಚ್ಚು, ಆಕಾಶ ಏನೇನೂ ಅಲ್ಲ. ಇವೆರಡರ ನಡುವೆ, ಆಕಾಶದ ಬೆಳಕು ಇಳಿಯುತ್ತ ಬಂದು ದೀಪಗಳ ಬೆಳಕಿಗೆ ಸಮನಾಗುವ ಒಂದು ಹೊತ್ತಿದೆ. ಪ್ರತಿಮೆಯ ಮುಖವೂ ಆಕಾಶದ ನೀಲಿಯೂ ಒಂದೇ ಚಿತ್ರದಲ್ಲಿ ಉಳಿಯುವುದು ಆಗ ಮಾತ್ರ. ಆ ಕಡು ನೀಲಿಗೆ ಕಾರಣವೂ ಬೇರೆ. ಹಗಲಿನ ಆಕಾಶ ನೀಲಿಯಾಗಿರುವುದು ಗಾಳಿ ಬೆಳಕನ್ನು ಚದುರಿಸುವುದರಿಂದ. ಮುಚ್ಚಂಜೆಯ ನೆತ್ತಿಯ ನೀಲಿಯಲ್ಲಿ ಓಝೋನ್ ಪದರದ ಪಾಲು ದೊಡ್ಡದು. ಓರೆಯಾಗಿ ಬಹುದೂರ ಹಾದುಬರುವ ಬೆಳಕಿನಿಂದ ಅದು ಕಿತ್ತಳೆ ಮತ್ತು ಹಳದಿಯನ್ನು ಹೀರಿಕೊಳ್ಳುತ್ತದೆ.

ಈ ಹೊತ್ತು ನಮ್ಮಲ್ಲಿ ಬಹಳ ಚಿಕ್ಕದು, ಮುಖ್ಯ ವಿಷಯ ಇದೇ. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಲಂಡನ್ನಿನಲ್ಲಿ ಜೂನ್ ತಿಂಗಳ ಮುಚ್ಚಂಜೆ ಮುಕ್ಕಾಲು ಗಂಟೆ ಎಳೆಯುತ್ತದೆ, ನಮ್ಮದು ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ಮೂರು ನಿಮಿಷಕ್ಕೊಮ್ಮೆ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಯುರೋಪಿನವರು ಬರೆದ ಪಾಠಗಳನ್ನು ಓದಿ, ಇನ್ನೂ ಸಮಯವಿದೆ ಎಂದು ಚಹಾ ಕುಡಿಯಲು ಹೋದರೆ ಮರಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೂರ್ಯ ಮುಳುಗಿದ ಕೂಡಲೇ ಮನೆ ಕಡೆ ಹೊರಡುವವರೂ ಬೇಕಾದಷ್ಟು ಜನ. ಅವರು ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ನಿಲ್ಲುವ ಜಾಗ. ಪಡುವಣಕ್ಕೆ ಮುಖ ಮಾಡಿದರೆ ಪ್ರತಿಮೆ ಕಪ್ಪು ಆಕೃತಿಯಾಗಿ ಕಾಣುತ್ತದೆ. ಕೆಂಪು ಆಕಾಶದ ಎದುರು ನೂರು ಅಡಿಗೂ ಮಿಕ್ಕಿದ ಆ ನಿಲುವು ಚೆಂದವೇ. ಆದರೆ ನೀವು ಕೇಳಿದ ಚಿತ್ರ ಬೇಕಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನೋಡಿ. ಸೂರ್ಯ ಮುಳುಗಿದ ಕೆಲವೇ ನಿಮಿಷದಲ್ಲಿ ಮೂಡಣದಲ್ಲಿ ನೆಲಕ್ಕೆ ತಾಗಿ ಬೂದು ನೀಲಿಯ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ತೆಳು ಗುಲಾಬಿ. ಆ ಬೂದು ಪಟ್ಟಿ ಭೂಮಿಯದೇ ನೆರಳು. ಗದಗ ಸೀಮೆಯ ಎರೆ ಬಯಲಿನಲ್ಲಿ ದಿಗಂತ ತೆರೆದುಕೊಂಡಿರುವುದರಿಂದ, ಮಲೆನಾಡಿನವರಿಗೆ ಸಿಗದಷ್ಟು ಸ್ಪಷ್ಟವಾಗಿ ಇದು ನಮಗೆ ಸಿಗುತ್ತದೆ. ಆ ಪಟ್ಟಿ ಮೇಲೇರಿ ಕರಗುವ ಹೊತ್ತಿಗೆ ಊರಿನ ದೀಪಗಳು ಹೊತ್ತಿರುತ್ತವೆ. ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರಿನಲ್ಲಿ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ತೆಂಕಕ್ಕೆ, ಜೂನಿನಲ್ಲಿ ಅಷ್ಟೇ ಬಡಗಕ್ಕೆ. ಬೇಸಿಗೆಯಲ್ಲಿ ಗುರುತು ಹಾಕಿಕೊಂಡ ಜಾಗ ಚಳಿಗಾಲಕ್ಕೆ ಒದಗದೇ ಹೋಗಬಹುದು.

ನೀರಿನಲ್ಲಿ ಏನೂ ಕಾಣದಿರಲು ಎರಡು ಕಾರಣ. ಮೊದಲನೆಯದು ನಿಂತ ಎತ್ತರ. ಮೇಲಿನಿಂದ ಬಗ್ಗಿ ನೋಡಿದರೆ ನೀರು ಬೆಳಕಿನ ನೂರಕ್ಕೆ ಎರಡು ಪಾಲನ್ನಷ್ಟೇ ತಿರುಗಿಸಿ ಕಳಿಸುತ್ತದೆ. ಕಣ್ಣು ನೀರಿನ ಮಟ್ಟಕ್ಕೆ ಇಳಿದಷ್ಟೂ ಆ ಪಾಲು ಏರುತ್ತದೆ. ಆದ್ದರಿಂದ ಟ್ರೈಪಾಡಿನ ಕಾಲು ಚಾಚಬೇಡಿ, ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆಯಿರಿ. ಎರಡನೆಯದು ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ಬಂದಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಕೆರೆಯ ನೀರು ನಿಲ್ಲುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ, ನೆಲ ತಣ್ಣಗಾಗುತ್ತಿದ್ದಂತೆ ಗಾಳಿ ಇಳಿಯುವ ಸಂಜೆಗಳನ್ನು ಹಿಡಿಯಿರಿ. ಸಣ್ಣ ಅಲೆ ಇದ್ದರೂ ಚಿಂತೆಯಿಲ್ಲ. ಅಲೆಯ ಒಂದೊಂದು ಓರೆಯೂ ಒಂದೊಂದು ಕನ್ನಡಿ. ದೀಪ ನಿಮ್ಮ ಕಡೆಗೆ ಉದ್ದವಾಗಿ ಎಳೆದುಕೊಂಡು ಬರುವುದು ಅದರಿಂದಲೇ.

ಕ್ಯಾಮೆರಾದಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 8, ಎರಡು ಸೆಕೆಂಡಿನ ಟೈಮರ್, ಕಡತ ರಾ ರೂಪದಲ್ಲಿ. ಶಟರ್ ವೇಗವನ್ನು ಪ್ರತಿಮೆಯ ಮುಖ ನೋಡಿ ನಿಗದಿ ಮಾಡಿ, ಆಕಾಶ ನೋಡಿ ಅಲ್ಲ. ಕತ್ತಲಾದ ಭಾಗವನ್ನು ಆಮೇಲೆ ಸ್ವಲ್ಪ ಎತ್ತಬಹುದು, ಬೆಳ್ಳಗೆ ಸುಟ್ಟ ಮುಖವನ್ನು ಯಾರೂ ಮರಳಿ ತರಲಾರರು. ಮೊಬೈಲಿನವರು ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು, ಬೆರಳನ್ನು ಕೆಳಕ್ಕೆ ಎಳೆದು ಬೆಳಕು ತಗ್ಗಿಸಿದರೆ ಅದೇ ಕೆಲಸವಾಗುತ್ತದೆ. ಅಮೆರಿಕದ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಬಂದದ್ದನ್ನು ತೆಗೆದಾಗ ಬೆಳಕಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಂಕಿ ಅವರಿಗೆ ನೆನಪಿತ್ತು, ಅದರಿಂದಲೇ ಲೆಕ್ಕ ಹಾಕಿದರು. ಚಿತ್ರದ ಅತಿ ಬೆಳಗುವ ಮುಖ್ಯ ವಸ್ತುವನ್ನು ಮೊದಲು ಕಾಪಾಡುವುದು ಎಂದರೆ ಇದು.

ಚಂದ್ರನ ಮಾತು ಬಂದದ್ದರಿಂದ ಮುಂಡರಗಿಯವರಿಗೂ ಒಂದು ಮಾತು. ಹಮ್ಮಿಗಿ ಬ್ಯಾರೇಜಿನ ಹತ್ತಿರ ತುಂಗಭದ್ರೆ ನಿಮ್ಮ ದಂಡೆಗೆ ಆಗ್ನೇಯದಲ್ಲಿದೆ. ಸೂರ್ಯ ಬೆನ್ನ ಹಿಂದೆ ಮುಳುಗುತ್ತಾನೆ, ಹೊಳೆಯ ಮೇಲೆ ಸೂರ್ಯಾಸ್ತ ಬೇಕೆಂದರೆ ಹೂವಿನಹಡಗಲಿ ದಂಡೆಗೇ ಹೋಗಬೇಕು. ಆದರೆ ಬೇಸಿಗೆಯ ಹುಣ್ಣಿಮೆ ಚಂದ್ರ ನಿಮ್ಮ ಎದುರಿಗೇ ಹುಟ್ಟುತ್ತಾನೆ. ಹುಣ್ಣಿಮೆಗಿಂತ ಹಿಂದಿನ ದಿನ ಇನ್ನೂ ಒಳ್ಳೆಯದು. ಹೊತ್ತು ಮುಳುಗುವ ಮೊದಲೇ ಅವನು ಮೇಲೆದ್ದಿರುತ್ತಾನೆ, ಹೊಳೆಯೂ ದಂಡೆಯೂ ಕಾಣುವಷ್ಟು ಬೆಳಕಿರುತ್ತದೆ. ಕತ್ತಲಲ್ಲಿ ನೀರಿಗೆ ಮಾತ್ರ ಇಳಿಯಬೇಡಿ, ಗೇಟು ತೆರೆದರೆ ಹೊಳೆ ಕ್ಷಣದಲ್ಲಿ ಏರುತ್ತದೆ.

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರು ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗುತ್ತೀರಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಅಲ್ಲಿ ಫ್ಲ್ಯಾಶ್ ಬೇಡ, ಡ್ರೋನ್ ಬೇಡ, ಹಿಂಡನ್ನು ಎಬ್ಬಿಸಿ ತೆಗೆದ ಚಿತ್ರವಂತೂ ಬೇಡವೇ ಬೇಡ.

ನಿಮಗೆ ನನ್ನ ಸಲಹೆ ನವೆಂಬರ್ ಕೊನೆಯ ವಾರ. ಆಗ ಗದಗಿನಲ್ಲಿ ಸೂರ್ಯ ಸುಮಾರು 5:55ಕ್ಕೆ ಮುಳುಗುತ್ತಾನೆ. ಉದ್ಯಾನ ಮುಚ್ಚುವ ಸಮಯವನ್ನು ಮೊದಲೇ ಕೇಳಿಕೊಂಡು, 5:30ಕ್ಕೆಲ್ಲ ಟ್ರೈಪಾಡ್ ಊರಿ ಚೌಕಟ್ಟು ನಿಗದಿ ಮಾಡಿರಿ. 6:05ರಿಂದ 6:15ರವರೆಗೆ ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಒಳ್ಳೆಯದೊಂದು ಬಂದರೆ ನಮಗೂ ಕಳಿಸಿ.